ಕಸಗೊಂಡಾಕಿಗೆ ಆಹೇರಿ

ಶಾಲೆಯ ಮಾಸ್ತರ ನಾಗಲಿಂಗ ಜನ್ಮದಲ್ಲಿ ಬರೆದದ್ದು ಒಂದೇ ನಾಟಕ, ‘ಕಸಗೊಂಡಾಕಿ’. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹೆಗ್ಗಣ ಊರವರಿಗೂ ಮುದ್ದಾಗಿಬಿಟ್ಟಿತ್ತು. ಬಾಗಲಕೋಟೆಯಲ್ಲಿ ಕಾಲೇಜಿನವರು ಆಡಿದರು. ಇಳಕಲ್ಲಿನಲ್ಲಿ ಆಡಿದಾಗಲಂತೂ, ಗಂಡನನ್ನು ಕಸಿದುಕೊಂಡು ಹೋಗುವ ಚಂಪಾಳಿಗೆ ಹೆಂಗಸರು ಎದ್ದು ನಿಂತು ಶಾಪ ಹಾಕಿದರು. ಮಾಸ್ತರ ಉಬ್ಬಿಹೋದ.

ಉಬ್ಬದೆ ಏನು? ನಾಟಕದ ಚಂಪಾ ಅಂದರೆ ನಿಜದಲ್ಲಿ ಸತ್ಯವ್ವ. ಇವನು ಏಳು ವರ್ಷದವನಿದ್ದಾಗ ಆಕೆ ಅಪ್ಪನ ಕೈಹಿಡಿದು ಕರೆದೊಯ್ದದ್ದನ್ನು ಕಣ್ಣಾರೆ ಕಂಡಿದ್ದ. ಅಪ್ಪ ತಿರುಗಿ ಬರಲಿಲ್ಲ. ಅವ್ವ ಸಿದ್ದಲಿಂಗವ್ವ ಆ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಅವಳು ನುಂಗಿಕೊಂಡ ಸಂಕಟವನ್ನು ಲೋಕಕ್ಕೆ ತೋರಿಸಬೇಕೆಂದೇ ಮಗ ಬರೆದದ್ದು. ಈಗ ಬಾದಾಮಿಯ ಪ್ರಯೋಗಕ್ಕೆ ಅವ್ವನನ್ನು ಮೊದಲ ಸಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅವಳು ಒಮ್ಮೆ ‘ಹೌದಪಾ, ಹಿಂಗ ಆಗಿತ್ತು’ ಅಂದರೆ ಸಾಕಿತ್ತು ಅವನಿಗೆ.

ಎಂಥ ಹೊಸಕಾಲದ ನಾಟಕವಾದರೂ ಈ ಸೀಮೆಯಲ್ಲಿ ಆಹೇರಿ ತಪ್ಪುವುದಿಲ್ಲ. ಮೆಚ್ಚಿದವರು ನಡುವೆಯೇ ರಂಗ ಹತ್ತಿ ಪಾತ್ರಧಾರಿಗೆ ಬಟ್ಟೆ ಕೊಡುತ್ತಾರೆ. ನಾಟಕ ಅಷ್ಟು ಹೊತ್ತು ನಿಲ್ಲುತ್ತದೆ. ಚಂಪಾ ಗಂಡಸಿನ ಕೈಹಿಡಿದು ಹೊರಡುತ್ತಿದ್ದಂತೆ ಸಿದ್ದಲಿಂಗವ್ವ ಎದ್ದಳು. ಚೀಲದಿಂದ ಇಳಕಲ್ಲ ಸೀರೆ ತೆಗೆದು ರಂಗ ಹತ್ತಿದಳು. ಅವ್ವನ ಪಾತ್ರ ಮಾಡಿದ ಸುನಂದಾಳಿಗೆ ಕೊಡುತ್ತಾಳೆಂದು ಮಾಸ್ತರನ ಕಣ್ಣು ತುಂಬಿತು. ಮುದುಕಿ ಸುನಂದಾಳನ್ನು ದಾಟಿ ಹೋಗಿ, ಚಂಪಾಳಿಗೆ ಸೀರೆ ಹೊದಿಸಿ ಕಾಲು ಮುಟ್ಟಿದಳು.

ಮಾಸ್ತರ ಓಡಿಹೋಗಿ ಅವಳ ತೋಳು ಹಿಡಿದ.

“ಅವ್ವಾ, ಏನ ಮಾಡಾಕತ್ತೀ? ಇಕಿ ಅಪ್ಪನ್ನ ಕಸಗೊಂಡಾಕಿ!”

“ಯಾರ ಕಸಗೊಂಡ್ರು? ನಾನ ಆಕಿ ಕಾಲಿಗೆ ಬಿದ್ದು ‘ಕರಕೊಂಡ ಹೋಗ ಯವ್ವಾ’ ಅಂದಿದ್ನಿ. ನಿಮ್ಮಪ್ಪ ಕುಡದ ಬಂದು ಕೊಡ್ಲಿ ಎತ್ತಿದ್ದ. ನನ್ನ ಮ್ಯಾಲಲ್ಲೋ, ನಿನ್ನ ಮ್ಯಾಲ! ಆಕಿ ಮಾತ ಒಂದ ಕೇಳ್ತಿದ್ದ. ಅಂವ ಸಾಯೂತನಕ ಹೊಡತಾ ಎಲ್ಲಾ ಆಕಿ ತಿಂದ್ಲು.”

“ನನಗ ಯಾಕ ಹೇಳ್ಲಿಲ್ಲ?”

“ಕೊಲ್ಲಾಕ ಬಂದಾಂವ ಹೆತ್ತಪ್ಪ ಅಂತ ಕೂಸಿಗೆ ಹೇಳಬ್ಯಾಡ ಅಂತ ಆಣಿ ಹಾಕಿದ್ಲು ಸತ್ಯವ್ವ. ಇಳಕಲ್ಲಾಗ ನಿನ್ನ ನಾಟಕಾನೂ ನೋಡ್ಯಾಳ. ‘ಮಗ ಚಲೋ ಬರದಾನ’ ಅಂತ ಫೋನ ಮಾಡಿ ಹೇಳಿದ್ಲು.”

ಶಾಪ ಹಾಕಿದ ಆ ಹೆಂಗಸರ ನಡುವೆಯೇ ಆಕೆ ಕೂತಿದ್ದಳು! ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಮಕ್ಕಳಿಗೆ ಪಾಠ ಹೇಳುವ ಮಾಸ್ತರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೇಲೆ ತೂಗುಬಿಟ್ಟ ಮೈಕು ಅವ್ವನ ಮಾತನ್ನೆಲ್ಲ ಮಂದಿಗೆ ಕೇಳಿಸಿಬಿಟ್ಟಿತ್ತು.

ಸುನಂದಾ ಮೆಲ್ಲಗೆ ಹತ್ತಿರ ಬಂದಳು. “ಸರ್ರ, ಮುಂದ ನಂದು ಶಾಪದ ಮಾತೈತ್ರಿ. ಯಾರಿಗೆ ಹಾಕಲ್ರಿ?”

ನಾಗಲಿಂಗ ಚಂಪಾಳನ್ನು ಪಕ್ಕಕ್ಕೆ ಸರಿಸಿ, ಅವಳು ನಿಂತಿದ್ದ ಜಾಗದಲ್ಲಿ ತಾನು ನಿಂತ.

“ನನಗ ಹಾಕವಾ,” ಅಂದ.