ಎರಡನೇ ಸಾಲು

ತರೀಕೆರೆಯ ವೃದ್ಧಾಶ್ರಮದಲ್ಲಿ ತೀರ್ಥಪ್ಪ ಹಾಡಿದರೆಂದು ಫೋನ್ ಬಂದಾಗ ವಿಮಲಮ್ಮ ನಂಬಲಿಲ್ಲ. ಮದುವೆಯಾದ ಐವತ್ತೆರಡು ವರ್ಷಗಳಲ್ಲಿ ಗಂಡ ಒಂದು ದಿನವೂ ಬಾಯಿಬಿಟ್ಟು ಹಾಡಿದವರಲ್ಲ.

ಶಿವನಿಯಲ್ಲಿ ಈರುಳ್ಳಿ ವ್ಯಾಪಾರ ಮಾಡಿಕೊಂಡಿದ್ದ ತೀರ್ಥಪ್ಪನವರಿಗೆ ಮರೆವಿನ ಕಾಯಿಲೆ. ಎರಡು ಸಲ ರೈಲು ಹಳಿಯ ಮೇಲೆ ಸಿಕ್ಕಿದ ಮೇಲೆ ಮಗ ಅವರನ್ನು ಆಶ್ರಮಕ್ಕೆ ಸೇರಿಸಿದ್ದ. ಅಲ್ಲಿಗೆ ಅಮೂಲ್ಯಾ ಎಂಬ ಹುಡುಗಿ ವಾರಕ್ಕೆರಡು ದಿನ ಹಾರ್ಮೋನಿಯಂ ಹೊತ್ತು ಬರುತ್ತಿದ್ದಳು. ಮಾತು ಕಳೆದುಕೊಂಡವರನ್ನು ಹಾಡಿನಿಂದ ಮಾತಿಗೆಳೆಯುವುದು ಅವಳ ಕೆಲಸ.

"ಒಂದು ಸಾಲು ಹಾಡಿ ನಿಲ್ಲಿಸ್ತಾರಮ್ಮ," ಎಂದಳು ಅಮೂಲ್ಯಾ, ಆಶ್ರಮಕ್ಕೆ ಬಂದ ವಿಮಲಮ್ಮನಿಗೆ. "ಆಮೇಲೆ ಯಾರೋ ಮುಂದಿನ ಸಾಲು ಹೇಳ್ತಾರೆ ಅನ್ನೋ ಹಂಗೆ ಬಾಗಿಲ ಕಡೆ ನೋಡ್ತಾರೆ. ಆ ಸಾಲು ನಿಮಗೆ ಗೊತ್ತಾ?"

ಅವಳು ಸ್ವರ ಹಿಡಿದಳು. ತೀರ್ಥಪ್ಪ ಕಣ್ಣು ಮುಚ್ಚಿ ಹಾಡಿದರು.

"ಹೊತ್ತು ಮುಳುಗೀತು ಹೊಲದಿಂದ ಬಾರೆ, ಹೊಸಿಲಲ್ಲಿ ದೀಪ ಇಟ್ಟೀನಿ..."

ವಿಮಲಮ್ಮ ತಟ್ಟನೆ ಗುರುತಿಸಿದರು. ಅದು ಅಕ್ಕ ಮಲ್ಲಿಕಾಂಬಳ ಹಾಡು. ಅಕ್ಕ ತೀರ್ಥಪ್ಪನವರ ಮೊದಲ ಹೆಂಡತಿ. ಮದುವೆಯಾದ ವರ್ಷವೇ ಜ್ವರಕ್ಕೆ ತೀರಿಕೊಂಡಳು. ಹಿರಿಯರು ತಂಗಿಯನ್ನೇ ಆ ಮನೆಗೆ ಕೊಟ್ಟರು. ಅಂದಿನಿಂದ ತೀರ್ಥಪ್ಪ ಅಕ್ಕನ ಹೆಸರೆತ್ತಿರಲಿಲ್ಲ. ಆ ಮೌನದೊಳಗೆ ಅಕ್ಕ ಓಡಾಡಿಕೊಂಡೇ ಇದ್ದಾಳೆಂದು ವಿಮಲಮ್ಮನಿಗೆ ಅನ್ನಿಸುತ್ತಿತ್ತು.

"ಗೊತ್ತಿಲ್ಲ ಕಣಮ್ಮ," ಎಂದರು. "ಆ ಹಾಡು ಹಾಡಿಸ್ಬೇಡ."

ಅಮೂಲ್ಯಾ ನಿಲ್ಲಿಸಿದಳು. ಹತ್ತು ದಿನಕ್ಕೆ ಮತ್ತೆ ಫೋನ್ ಬಂತು. ತೀರ್ಥಪ್ಪ ತುತ್ತು ಮುಟ್ಟುತ್ತಿಲ್ಲ, ಇಡೀ ದಿನ ಬಾಗಿಲನ್ನೇ ನೋಡುತ್ತ ಕೂತಿರುತ್ತಾರೆ.

ವಿಮಲಮ್ಮ ಬಸ್ಸಿಳಿದು ನೇರ ಬಂದು ಗಂಡನ ಪಕ್ಕ ಕೂತರು. "ನುಡಿಸಮ್ಮ," ಎಂದರು.

ತೀರ್ಥಪ್ಪ ತಮ್ಮ ಸಾಲು ಹಾಡಿ ನಿಲ್ಲಿಸಿದರು. ವಿಮಲಮ್ಮ ಬಾಯಿ ತೆರೆದರು.

"ಬಂದೇನೊ ರಾಯ, ಬಾಗಿಲು ತೆಗೆಯೊ..."

ಗಂಟಲಿನಿಂದ ಹೊರಟದ್ದು ಅವರ ದನಿಯಾಗಿರಲಿಲ್ಲ. ಸಾಲಿನ ಕೊನೆಯಲ್ಲಿ ಜಾರಿ ಇಳಿಯುವ, ಅಕ್ಕನದೇ ದನಿ.

ತೀರ್ಥಪ್ಪ ತಿರುಗಿದರು. "ಬಂದ್ಯಾ ಮಲ್ಲಿ?"

ವಿಮಲಮ್ಮನಿಗೆ ಇಲ್ಲವೆನ್ನಲಾಗಲಿಲ್ಲ. "ಬಂದೆ."

"ಇಷ್ಟು ದಿನ ಹಾಡ್ಲೇ ಇಲ್ಲ ಕಣೇ. ಹಾಡಿದ್ರೆ ನೀನು ಬಂದ್ಬಿಡ್ತೀಯ ಅಂತ ಗೊತ್ತಿತ್ತು. ವಿಮಲ ಹೆದರ್ಕೊತಾಳೆ. ಇನ್ನೂ ಸಣ್ಣ ಹುಡುಗಿ. ನಿನ್ನ ನೆನೆಸ್ಕೊಂಡು ರಾತ್ರಿಯೆಲ್ಲ ಅಳ್ತಾಳೆ."

ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೌದು, ಮದುವೆಯಾದ ಹೊಸದರಲ್ಲಿ ಅತ್ತಿದ್ದರು. ಆಗೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಗಂಡನಿಗೆ ನಿದ್ದೆ ಬಂದಿದೆಯೆಂದೇ ಇಷ್ಟು ವರ್ಷ ತಿಳಿದಿದ್ದರು.

ಅಮೂಲ್ಯಾ ಗಂಜಿ ತಂದಳು. ವಿಮಲಮ್ಮ ಚಮಚದಲ್ಲಿ ಕುಡಿಸಿದರು. ಅರ್ಧಕ್ಕೆ ತೀರ್ಥಪ್ಪ ಅವರ ಮಣಿಕಟ್ಟು ಹಿಡಿದರು.

"ವಿಮಲ ಉಂಡ್ಲಾ?"

"ಉಂಡ್ಲು."

ಗಂಜಿ ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು. "ಇನ್ನು ಹೊರಡು ಮಲ್ಲಿ. ಅವಳು ಎದ್ದುಬಿಡ್ತಾಳೆ."

ವಿಮಲಮ್ಮ ಎದ್ದು ಹೊರಟರು.

ಈಗ ಅವರು ಪ್ರತಿ ಮಂಗಳವಾರ, ಶುಕ್ರವಾರ ಬರುತ್ತಾರೆ. ಅಕ್ಕನಾಗಿ ಹಾಡಿ, ಉಣ್ಣಿಸಿ, ಹೊರಡು ಎಂದ ಕೂಡಲೇ ಏಳುತ್ತಾರೆ. ಒಮ್ಮೆ ಅಮೂಲ್ಯಾ ಕೇಳಿಯೇಬಿಟ್ಟಳು.

"ನಾನೇ ವಿಮಲ ಅಂತ ಒಂದ್ಸಲನಾದ್ರೂ ಹೇಳ್ಬಾರ್ದಾ ಅಮ್ಮ?"

"ಹೇಳಿದ್ರೆ ಮತ್ತೆ ಹಾಡು ನಿಲ್ಲಿಸ್ಬಿಡ್ತಾರೆ ಕಣಮ್ಮ," ಎಂದು ವಿಮಲಮ್ಮ ಚಪ್ಪಲಿ ಮೆಟ್ಟಿಕೊಂಡರು.