ತಳ್ಳುವ ಎಂಜಿನ್

ಬೆಟ್ಟದ ಬುಡದ ಆ ಹಳೆಯ ರೈಲು ಪಟ್ಟಣಕ್ಕೆ ಹೋಗಲೇಬೇಕೆಂದು ಹಟ ಹಿಡಿದವಳು ಅತ್ತೆ. ಮದುವೆಯಾಗಿ ಬಂದು ಹತ್ತಾರು ವರ್ಷ ಸಂಸಾರ ಮಾಡಿದ ಊರು. ಸೊಸೆ ಮರುಮಾತಿಲ್ಲದೆ ಒಪ್ಪಿದ್ದಕ್ಕೆ ಕಾರಣ ಬೇರೆಯೇ ಇತ್ತು. ಗಂಡ ತೀರಿಕೊಂಡ ಮೇಲೂ ಅತ್ತೆಯ ಜೊತೆಯಲ್ಲೇ ಉಳಿದಿದ್ದ ಅವಳು ಈಗ ಇನ್ನೊಂದು ಮದುವೆಗೆ ಹ್ಞೂಂ ಎಂದಿದ್ದಳು. ಅದನ್ನು ಮನೆಯಲ್ಲಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಹೊರಗಿನ ನಾಲ್ಕು ಜನರ ಎದುರು ಅತ್ತೆ ರಂಪ ಮಾಡಲಾರಳು ಎಂಬ ಲೆಕ್ಕಾಚಾರ. ಹೆದರಿದವರ ಬುದ್ಧಿ ಹೀಗೇ ಓಡುತ್ತದೆ, ಬೈದು ಪ್ರಯೋಜನವಿಲ್ಲ.

ಊರು ಮುಪ್ಪಾಗಿತ್ತು. ಹೊಗೆ ಕುಡಿದ ಇಟ್ಟಿಗೆ ಗೋಡೆಗಳು, ಒಂದೇ ಅಚ್ಚಿನ ಕ್ವಾರ್ಟರ್ಸುಗಳ ಸಾಲು, ಯಾರೂ ಹತ್ತದ ಮೇಲ್ಸೇತುವೆ. ತಾನಿದ್ದ ಮನೆಯ ಮುಂದೆ ಅತ್ತೆ ನಿಂತು, "ಅಡುಗೆಮನೆ ಕಿಟಕಿ ಮುಚ್ಚಿಬಿಟ್ಟಿದ್ದಾರೆ, ಮನೆಹಾಳರು" ಎಂದು ಗೊಣಗಿ ಮುಂದೆ ನಡೆದಳು. ಹೇಳಲೆಂದು ಹತ್ತಿರ ಸರಿದ ಸೊಸೆ, ಅತ್ತೆಯ ಕೈಚೀಲ ಇಸಿದುಕೊಂಡು ಹಿಂದೆ ನಡೆದಳು.

ಹಳೆಯ ಎಂಜಿನ್ ಶೆಡ್ಡು ಈಗ ವಸ್ತುಸಂಗ್ರಹಾಲಯ. ಮಾವ ಓಡಿಸುತ್ತಿದ್ದಂಥದೇ ಒಂದು ಎಂಜಿನ್ನಿನ ಪಕ್ಕದಲ್ಲಿ ಅತ್ತೆಯ ಕಾಲು ನಿಂತಿತು.

"ಇದು ಎಳೆಯೋದಲ್ಲ ಕಣೇ, ತಳ್ಳೋದು. ರೈಲಿನ ಬೆನ್ನಿಗೆ ನಿಂತು ಬೆಟ್ಟ ಹತ್ತಿಸೋದು. ಕೊಂಡಿ ಹಾಕ್ತಾ ಇರಲಿಲ್ಲ. ನೆತ್ತಿ ತಲುಪಿದ ಮೇಲೆ ಇವರು ಸೀಟಿ ಹೊಡೀತಿದ್ರು. ಮುಂದಿನ ಎಂಜಿನ್ನಿನ ಡ್ರೈವರ್ ತಿರುಗಿ ಸೀಟಿ ಹೊಡೆದ್ರೆ, ಇವರು ಹಿಂದೆ ಉಳ್ಕೋತಿದ್ರು."

"ಅವನು ಹೊಡೀದೇ ಇದ್ರೆ?"

"ನಿನ್ನ ಮಾವ ಒಂದ್ಸಲ ಪೆದ್ದರ ಹಾಗೆ ಆಚೆ ಊರಿನ ತನಕ ತಳ್ಕೊಂಡೇ ಹೋಗಿದ್ರು! ಮುಂದಿನವನಿಗೆ ಕಿವಿ ಮಂದ. ಊರೆಲ್ಲ ಬಿದ್ದು ಬಿದ್ದು ನಕ್ಕಿತ್ತು." ನಗುತ್ತಲೇ ಅವಳ ದನಿ ಇಳಿಯಿತು. "ನಾನೂ ಎಷ್ಟು ದಿನದಿಂದ ಸೀಟಿ ಹೊಡೀತಿದ್ದೀನಿ. ಫೋನ್ ಬಂದಾಗೆಲ್ಲ ಎದ್ದು ಹೊರಗೆ ಹೋಗ್ತೀಯ. ಯಾರೇ ಅದು ಅಂದ್ರೆ ಯಾರೂ ಇಲ್ಲ ಅಂತೀಯ. ನಿನಗೂ ಕಿವುಡಾ?"

ಅತ್ತೆಗೆ ಎಲ್ಲ ಗೊತ್ತಾಗಿದೆ ಎಂದು ಸೊಸೆಗೆ ಹೊಳೆಯಿತು. ಗೊತ್ತಿದ್ದೂ ಸುಮ್ಮನಿದ್ದಾಳೆ ಎಂದ ಮೇಲೆ ಇನ್ನೇಕೆ ಅಂಜಿಕೆ?

"ಒಪ್ಕೊಂಡಿದ್ದೀನಿ ಅತ್ತೆ. ಮುಂದಿನ ತಿಂಗಳು ಮದುವೆ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಎದೆ ಹಗುರಾಯಿತು, ಸುಳ್ಳೇಕೆ.

"ಒಳ್ಳೇದಾಗ್ಲಿ" ಎಂದು ಅತ್ತೆ ಅವಳ ಕೈ ಹಿಡಿದಳು. ಹಿಡಿದ ಕೈ ಬಿಡದೆ ಅಲ್ಲೇ ಬೆಂಚಿನ ಮೇಲೆ ಕುಸಿದು, ಎಂಜಿನ್ ನೋಡಲು ಬಂದವರೆಲ್ಲ ತಿರುಗಿ ನೋಡುವಂತೆ ಬಿಕ್ಕಿ ಬಿಕ್ಕಿ ಅತ್ತಳು.

ಸೊಸೆ ಕಂಗಾಲಾದಳು. "ನಿಮಗೆ ಗೊತ್ತಿತ್ತಲ್ಲ ಅತ್ತೆ..."

"ಗೊತ್ತಿತ್ತು. ಬಿಟ್ಟು ಹೋಗಲ್ಲ ಅಂತೀಯೇನೋ ಅನ್ನೋ ಆಸೇಲಿ ಕೇಳ್ದೆ ಕಣೇ."