ಗ್ಯಾರೇಜಿನ ಮಾಪಿಳ್ಳೆ

ಪೋರೂರಿನ ಗ್ಯಾರೇಜಿನಲ್ಲಿ ಅಂದಾನಿ ಬೆಳಿಗ್ಗೆಯೇ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ, ಒಂದೊಂದೇ ಭಾಗ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟಿದ್ದ. ಅದರೊಳಗಿನ ಕ್ಲಚ್ ಪ್ಲೇಟುಗಳು ಗಟ್ಟಿಮುಟ್ಟಾಗಿದ್ದವು. ಫಿಲ್ಟರಿನಲ್ಲಿ ಹೂಳು ಕಟ್ಟಿ, ಎಣ್ಣೆ ಏರದೆ ಗಾಡಿ ಜಗ್ಗುತ್ತಿತ್ತು. ರೋಗ ಅಷ್ಟೇ.

ಪಾಲುದಾರ ಕುಮಾರಸ್ವಾಮಿ ಬಗ್ಗಿ ನೋಡಿ, “ಮಾಪಿಳ್ಳೆನ ಕರ್ಕೊಂಡ್ ಬರ್ಲಾ?” ಎಂದ.

ಮಾಪಿಳ್ಳೆ ಎಂದರೆ ತಮಿಳಿನಲ್ಲಿ ಮದುವೆ ಗಂಡು. ಇಲ್ಲಿ ಮಾತ್ರ, ಯಾವುದೋ ಕಾಲದ ಟ್ಯಾಕ್ಸಿಯಿಂದ ಬಿಚ್ಚಿದ, ಸುಟ್ಟು ಕರಕಲಾದ ಪ್ಲೇಟುಗಳ ಕಟ್ಟು. ಬಂದ ಗಿರಾಕಿಗೆಲ್ಲ ಅದನ್ನೇ ತೋರಿಸಿ, ನಿಮ್ಮದು ಸುಟ್ಟಿದೆ, ಹೊಸದು ಹಾಕಬೇಕು ಎನ್ನುವುದು ರೂಢಿ. ಹತ್ತು ಮನೆಯ ಉಪ್ಪಿಟ್ಟು ತಿಂದೂ ಸಂಬಂಧ ಕುದುರದ ವರನಂತೆ ಅದು ಮತ್ತೆ ಅಟ್ಟಕ್ಕೇ ಮರಳುತ್ತಿತ್ತು. ಅಂದಾನಿಯೂ ತೋರಿಸಿದವನೇ, ನಕ್ಕವನೇ. ಇವತ್ತೂ ಹೂಂ ಎಂದು ತಲೆಯಾಡಿಸಿ, ಒಳ್ಳೆಯ ಪ್ಲೇಟುಗಳನ್ನು ಎತ್ತಿ ಬೆಂಚಿನ ಕೆಳಗೆ ಸರಿಸಿದ.

ಸಂಜೆ ಕಾರಿನ ಒಡತಿ ದಾಕ್ಷಾಯಿಣಿ ಬಂದರು. ನುಂಗಂಬಾಕ್ಕಂನ ವಿಮಾ ಕಚೇರಿಯವರು. ಪೋಲಿಯೊ ಬಡಿದ ಎಡಗಾಲಿಗೆ ಕ್ಲಚ್ ಪೆಡಲ್ ಒತ್ತಲಾಗದೆಂದೇ, ಅದಿಲ್ಲದ ಈ ಗಾಡಿ ಕೊಂಡವರು. ಕುಮಾರಸ್ವಾಮಿ ತೋರಿಸಿದ ಮಾಪಿಳ್ಳೆಯ ಕರಕಲು ಪ್ಲೇಟೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ನಾನೇ ಸುಟ್ಟಿದ್ದು ಅಲ್ವಾ? ಕಾಲು ಸರಿ ಇಲ್ದೋಳು ಓಡಿಸ್ಬೇಡ ಅಂತ ಮನೇಲಿ ಹೇಳ್ತಾನೇ ಇದ್ರು. ರಿಪೇರಿ ಬೇಡ. ಹೀಗೇ ಮಾರ್ಬಿಡ್ತೀನಿ.”

ಕುಮಾರಸ್ವಾಮಿ ಸಮಾಧಾನ ಹೇಳಲು ಹೊರಟ. ಅಂದಾನಿ ಬೆಂಚಿನ ಕೆಳಗೆ ಕೈಹಾಕಿ ಪ್ಲೇಟುಗಳನ್ನು ತೆಗೆದು, ಪಂಚೆಯ ಮೇಲೆ ಖಾಲಿಯಿದ್ದ ಜಾಗದಲ್ಲಿಟ್ಟ.

“ಮೇಡಮ್ರೀ, ನಿಮ್ಮವು ಇವು. ಫಿಲ್ಟರ್ ಕಟ್ಟಿತ್ತು, ಅಷ್ಟ. ನಿಮ್ಮ ಕಾಲಿಂದೇನೂ ತಪ್ಪಿಲ್ಲ.”

“ಮತ್ತೆ ಇದು ಯಾರ್ದು?”

“ನಮ್ದರೀ. ಬಂದವರಿಗೆಲ್ಲಾ ಇದನ್ನ ತೋರಸ್ತೀವಿ.”

ದಾಕ್ಷಾಯಿಣಿ ಬೈಯಲಿಲ್ಲ. ನಾಳೆ ರಜೆ ಹಾಕುವುದಾಗಿಯೂ, ಎಲ್ಲವನ್ನೂ ತಮ್ಮೆದುರೇ ಜೋಡಿಸಬೇಕೆಂದೂ ಹೇಳಿ ಹೊರಟರು. ಮರುದಿನ ಸ್ಟೂಲು ಹಾಕಿಕೊಂಡು ಕೂತು, ಕೊನೆಯ ಬೋಲ್ಟಿನವರೆಗೂ ನೋಡಿ, ತಾವೇ ಓಡಿಸಿಕೊಂಡು ಹೋದರು.

ಎರಡು ದಿನ ಮಾತು ಬಿಟ್ಟಿದ್ದ ಕುಮಾರಸ್ವಾಮಿ ಮೂರನೆಯ ದಿನ ಹೊಸ ಗಿರಾಕಿ ಬಂದಾಗ ಅಟ್ಟದ ಮೇಲೆ ತಡಕಾಡಿದ.

“ಮಾಪಿಳ್ಳೆ ಎಲ್ಲಯ್ಯಾ?”

ಅಂದಾನಿ ಪಂಚೆ ಹಾಸುತ್ತಿದ್ದ. ತಲೆ ಎತ್ತಲಿಲ್ಲ.

“ಗುಜರಿಯಂವ ಒಪ್ಪಿಕೊಂಡು ಕರಕೊಂಡು ಹೋದ.”